ಹನೂರಿನ ದಾರಿಯಲ್ಲಿ ದೆಹಲಿಗೊಂದು ಪಾಠ



ಇವತ್ತು ಬ್ರೇಕಿಂಗ್ ನ್ಯೂಸ್ ಇಲ್ಲ. ಆರು ಕಿಟಕಿಯಲ್ಲಿ ಆರು ಜನ ಒಟ್ಟಿಗೆ ಕೂಗಾಡೋದೂ ಇಲ್ಲ. ನಾನು, ನೀವು, ಅಷ್ಟೇ.

2025ರ ಮೇ ತಿಂಗಳು ಒಮ್ಮೆ ನೆನಪು ಮಾಡಿಕೊಳ್ಳಿ. ಆಪರೇಷನ್ ಸಿಂಧೂರದ ದಿನಗಳು. ದೊಡ್ಡ ಪರದೆ ಮೇಲೆ ನಕ್ಷೆ ಹಾಕಿಕೊಂಡು, ಯಾವ ಕ್ಷಿಪಣಿ ಎಲ್ಲಿಂದ ಎಲ್ಲಿಗೆ ಅಂತ ನಾವೆಲ್ಲ ಗಂಟಲು ಹರಿದುಕೊಂಡೆವು. ಕಾರ್ಯಕ್ರಮಗಳಲ್ಲಿ ವಾಯುದಾಳಿಯ ಸೈರನ್ ಶಬ್ದ ಹಾಕಬೇಡಿ ಅಂತ ಕೊನೆಗೆ ಕೇಂದ್ರ ಸರ್ಕಾರವೇ ಚಾನೆಲ್‌ಗಳಿಗೆ ಹೇಳಬೇಕಾಯಿತು. ಆ ಗದ್ದಲದಲ್ಲಿ ನನ್ನ ಪಾಲೂ ಇತ್ತು. ಒಪ್ಪಿಕೊಳ್ಳುತ್ತೇನೆ.

ಎಲ್ಲ ತಣ್ಣಗಾದ ಮೇಲೆ ಮನೆಯವರ ಜೊತೆ ಮಾದಪ್ಪನ ಬೆಟ್ಟಕ್ಕೆ ಹೊರಟೆ. ಕೊಳ್ಳೇಗಾಲದಲ್ಲಿ ಟೀ ಕುಡಿಯಲು ಗಾಡಿ ನಿಲ್ಲಿಸಿದಾಗ ಅಂಗಡಿಯವರು ಗುರುತು ಹಿಡಿದರು. "ದಿನಾ ಗಡಿ ಗಡಿ ಅಂತೀರಲ್ಲ ಸಾರ್, ಗಡಿ ಇರೋದು ಎಲ್ಲೋ ಕಾಶ್ಮೀರದಲ್ಲಿ. ನಮಗೂ ಅದಕ್ಕೂ ಏನ್ ಸಂಬಂಧ?" ಅಂದರು. ನಿಜ ಹೇಳಬೇಕು ಅಂದರೆ, ಸ್ಟುಡಿಯೋದಲ್ಲಿ ಪಟಪಟ ಮಾತಾಡೋ ನನಗೆ ಆ ಕ್ಷಣ ಬಾಯಿ ಬರಲಿಲ್ಲ. ಇವತ್ತಿನ ಮಾತು ಅವರಿಗೆ ಕೊಡಬೇಕಿದ್ದ ಉತ್ತರ.

ಹನೂರಿನಿಂದ ಲೊಕ್ಕನಹಳ್ಳಿ ಕಡೆ ತಿರುಗಿದರೆ ಒಡೆಯರಪಾಳ್ಯ ಸಿಗುತ್ತೆ. ಅಲ್ಲಿ ಟಿಬೆಟನ್ನರ ಶಿಬಿರ ಇದೆ, ಬೌದ್ಧ ವಿಹಾರ ಇದೆ. ಹಿಮಾಲಯದ ಆಚೆ ಒಂದು ನಾಡು ಕೈತಪ್ಪಿತು. ಅಲ್ಲಿಂದ ಹೊರಟ ಜನ ಬಂದು ನೆಲೆ ನಿಂತಿದ್ದು ನಮ್ಮ ಮುಸುಕಿನ ಜೋಳದ ಹೊಲಗಳ ಪಕ್ಕ. ಗಡಿ ದೂರ ಅಂತ ನಾವು ಅಂದುಕೊಳ್ಳುತ್ತೇವೆ. ಅದು ನಮ್ಮ ಮನೆ ಪಕ್ಕಕ್ಕೇ ಬಂದು ಐವತ್ತು ವರ್ಷ ಆಯಿತು.

ನಾನು ಓದಿದ್ದು ಇಂಜಿನಿಯರಿಂಗ್. ಒಂದು ಯಂತ್ರ ಕೈಕೊಟ್ಟರೆ ಮೂರು ವಿಷಯ ನೋಡಿ ಅಂತ ನಮಗೆ ಕಲಿಸಿದ್ದರು. ಅದಕ್ಕೆ ಶಕ್ತಿ ಎಲ್ಲಿಂದ ಬರುತ್ತಿದೆ? ನಿಯಂತ್ರಣ ಯಾರ ಕೈಯಲ್ಲಿದೆ? ಸೆನ್ಸರ್ ಸರಿಯಾಗಿ ಕೆಲಸ ಮಾಡುತ್ತಿದೆಯಾ? ದೇಶದ ಭದ್ರತೆಗೂ ಇದೇ ಮೂರು ಪ್ರಶ್ನೆ. ದುಡ್ಡು ಯಾರದು, ಹೊಣೆ ಯಾರದು, ಮಾಹಿತಿ ಯಾರದು? ಮೂರಕ್ಕೂ ಉತ್ತರ ಯಳಂದೂರು, ಕೊಳ್ಳೇಗಾಲ, ಹನೂರಿನ ಸುತ್ತಲೇ ಇದೆ.

ಮೊದಲು ಯಳಂದೂರಿಗೆ ಹೋಗೋಣ. ಇದು ದಿವಾನ್ ಪೂರ್ಣಯ್ಯನವರ ಜಹಗೀರಿನ ಊರು. 1807ರಲ್ಲಿ ಅವರಿಗೆ ಸಿಕ್ಕಿದ್ದು. ಹೈದರ್ ಮತ್ತು ಟಿಪ್ಪು ಕಾಲದಲ್ಲಿ ಖಜಾನೆ ನೋಡಿಕೊಂಡವರು ಅವರು. ಸೈನ್ಯ ನಡೆಯಬೇಕಾದರೆ ಮೊದಲು ಸಂಬಳ, ದವಸ, ಎತ್ತು ನಡೆಯಬೇಕು ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು, ಪೂರ್ಣಯ್ಯ ದಿವಾನರಾದರು. ಜೊತೆಗೆ ಒಂದು ಒಪ್ಪಂದ. ಮೈಸೂರನ್ನು ಕಾಯೋದು ಕಂಪನಿ ಸೈನ್ಯ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಟ್ಟಬೇಕು. ಕಟ್ಟೋದು ತಪ್ಪುವ ಸೂಚನೆ ಕಂಡರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಹಕ್ಕು ಕಂಪನಿಗೆ.

1831ರಲ್ಲಿ ಆಗಿದ್ದೂ ಅದೇ. ನಗರದ ಕಡೆ ರೈತರ ದಂಗೆ ಎದ್ದಿತು, ಬೇರೆ ಕಾರಣಗಳನ್ನೂ ಹೇಳಿದರು. ಆದರೆ ಹಿಡಿದುಕೊಂಡಿದ್ದು ಆ ಹಳೇ ಒಪ್ಪಂದವನ್ನೇ. ರಾಜ್ಯ ವಾಪಸ್ ಬರಲು 1881ರವರೆಗೆ, ಅಂದರೆ 50 ವರ್ಷ ಕಾಯಬೇಕಾಯಿತು. ಕಾವಲನ್ನು ಬಾಡಿಗೆಗೆ ತಂದರೆ ಮನೆ ಬೀಗದ ಕೈಯೂ ಅವನ ಸೊಂಟಕ್ಕೇ ಹೋಗುತ್ತೆ.

ಈಗ ಇವತ್ತಿನ ಲೆಕ್ಕಕ್ಕೆ ಬನ್ನಿ. 2025–26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟಿದ್ದು ಸುಮಾರು 6.81 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಪಿಂಚಣಿಗೇ ಸುಮಾರು 1.60 ಲಕ್ಷ ಕೋಟಿ. ಅದು ದೇಶ ತೀರಿಸಲೇಬೇಕಾದ ಋಣ, ತಕರಾರಿಲ್ಲ. ವಿಮಾನ, ಹಡಗು, ತೋಪು ಇಂಥ ಹೊಸ ಬಂಡವಾಳಕ್ಕೆ 1.80 ಲಕ್ಷ ಕೋಟಿ. ನಮ್ಮ ಬೆಂಗಳೂರಿನಲ್ಲಿ ತೇಜಸ್ ಮೊದಲ ಸಲ ಹಾರಿದ್ದು 2001ರ ಜನವರಿ 4ರಂದು. ಹೆಮ್ಮೆ ಪಡೋಣ. ಆದರೆ ಅದರೊಳಗಿನ ಎಂಜಿನ್ ಇವತ್ತಿಗೂ ಅಮೆರಿಕದ್ದು. ಎಂಜಿನ್ ತಡವಾದರೆ ವಿಮಾನವೂ ತಡ. ಪೂರ್ಣಯ್ಯನವರಿಗೆ ಈ ಕಷ್ಟ ವಿವರಿಸಿ ಹೇಳಬೇಕಾಗಿರಲಿಲ್ಲ.

ಎರಡನೇ ಪ್ರಶ್ನೆ, ಹೊಣೆ ಯಾರದು? ಇದಕ್ಕೆ ಬೆಟ್ಟ ಇಳಿದು ಪಾಲಾರ್ ಕಡೆ ಹೋಗಬೇಕು. ಅಲ್ಲಿ ಕರ್ನಾಟಕ ಮುಗಿದು ತಮಿಳುನಾಡು ಶುರುವಾಗುತ್ತೆ. ಕೊಳ್ಳೇಗಾಲವೂ 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಗೆರೆ ಬಂದಿದ್ದು ಆಮೇಲೆ. ಕಾಡಿಗೆ ಆ ಗೆರೆ ಗೊತ್ತಿಲ್ಲ. ಆದರೆ ಪೊಲೀಸರಿಗೆ ಗೊತ್ತು, ವೀರಪ್ಪನ್‌ಗೆ ಇನ್ನೂ ಚೆನ್ನಾಗಿ ಗೊತ್ತಿತ್ತು. ಈ ಕಡೆ ಅಟ್ಟಿದರೆ ಆ ಕಡೆ, ಆ ಕಡೆ ಅಟ್ಟಿದರೆ ಈ ಕಡೆ.

ಆ ವರ್ಷಗಳನ್ನು ಒಮ್ಮೆ ಸಾಲಾಗಿ ಇಟ್ಟು ನೋಡಿ. 1991ರ ನವೆಂಬರ್ 10, ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಹತ್ಯೆ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆ ಮೇಲೆ ದಾಳಿ. ಅದೇ ವರ್ಷ ಆಗಸ್ಟ್ 14ರಂದು, ಸ್ವಾತಂತ್ರ್ಯ ದಿನದ ಹಿಂದಿನ ದಿನ, ಮೀಣ್ಯಂ ಹತ್ತಿರ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹಮದ್ ಮತ್ತವರ ಸಿಬ್ಬಂದಿ ಬಲಿಯಾದರು. 1993ರ ಏಪ್ರಿಲ್ 9ರಂದು ಪಾಲಾರ್‌ನಲ್ಲಿ ನೆಲಬಾಂಬ್ ಸ್ಫೋಟ, 22 ಜನ ಸತ್ತರು. 2000ದಲ್ಲಿ ಡಾ. ರಾಜ್‌ಕುಮಾರ್ ಅಪಹರಣ, 108 ದಿನ ಇಡೀ ಕರ್ನಾಟಕ ಉಸಿರು ಬಿಗಿಹಿಡಿದಿತ್ತು. ಆಗ ನಾನಿನ್ನೂ ಸ್ಕೂಲಿನಲ್ಲಿದ್ದೆ. ಅಪ್ಪ ರೇಡಿಯೋ ಪಕ್ಕದಿಂದ ಏಳ್ತಾನೇ ಇರಲಿಲ್ಲ. 2002ರಲ್ಲಿ ಕಾಮಗೆರೆಯ ಮನೆಯಿಂದ ಮಾಜಿ ಸಚಿವ ನಾಗಪ್ಪ ಅಪಹರಣ, ಡಿಸೆಂಬರ್ 8ಕ್ಕೆ ಶವ ಸಿಕ್ಕಿತು.

ಈ ಪಟ್ಟಿಯಲ್ಲಿ ಧೈರ್ಯದ ಕೊರತೆ ಎಲ್ಲಾದರೂ ಕಾಣುತ್ತಾ? ಇಲ್ಲ. ಪ್ರಾಣ ಕೊಟ್ಟವರು ಒಬ್ಬಿಬ್ಬರಲ್ಲ. ಎರಡು ರಾಜ್ಯಗಳ ವಿಶೇಷ ಕಾರ್ಯಪಡೆ ಇತ್ತು, ನಡುವೆ ಬಿಎಸ್‌ಎಫ್ ಕೂಡ ಬಂತು. ಕೊರತೆ ಇದ್ದಿದ್ದು ಒಂದೇ ಯೋಜನೆಗೆ, ಒಬ್ಬರೇ ಉತ್ತರ ಹೇಳಬೇಕಾದ ವ್ಯವಸ್ಥೆಗೆ. ಈ ಭಾಗಕ್ಕೆ ಚಾಮರಾಜನಗರ ಅಂತ ತನ್ನದೇ ಜಿಲ್ಲೆ ಆಗಿದ್ದೇ 1997ರಲ್ಲಿ. ಅದಕ್ಕೂ ಮುಂಚೆ ಇಲ್ಲಿನ ಎಸ್ಪಿ ಕಚೇರಿ ಅಂದರೆ ಮೈಸೂರು!

ದೆಹಲಿ ಕಥೆಯೂ ಇದೇ, ಅಳತೆ ಮಾತ್ರ ದೊಡ್ಡದು. 1999ರ ಕಾರ್ಗಿಲ್ ಯುದ್ಧದ ಬಳಿಕ ಕೆ. ಸುಬ್ರಹ್ಮಣ್ಯಂ ಸಮಿತಿ ವರದಿ ಕೊಟ್ಟಿತು. 2001ರಲ್ಲಿ ಸಚಿವರ ತಂಡ ಮೂರೂ ಪಡೆಗಳಿಗೆ ಒಬ್ಬ ರಕ್ಷಣಾ ಮುಖ್ಯಸ್ಥ ಬೇಕು ಅಂದಿತು. ಆ ಹುದ್ದೆಗೆ ಜನರಲ್ ಬಿಪಿನ್ ರಾವತ್ ಬಂದು ಕೂತಿದ್ದು 2020ರ ಜನವರಿ 1ಕ್ಕೆ. ಸುಮಾರು 19 ವರ್ಷ! ರಾಷ್ಟ್ರೀಯ ತನಿಖಾ ಸಂಸ್ಥೆ, ಎನ್‌ಐಎ, ಹುಟ್ಟಿದ್ದು ಮುಂಬೈ ಮೇಲೆ 26/11 ದಾಳಿ ಆದ ಮೇಲೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ ಗಾದೆ ಇದೆ. ನಾವು ಬಾಗಿಲನ್ನೂ ಟೆಂಡರ್ ಕರೆದು ಹಾಕುತ್ತೇವೆ.

ಮೂರನೇ ಪ್ರಶ್ನೆಗೆ ಬರುತ್ತೇನೆ. ನನ್ನ ಪ್ರಕಾರ ಉಳಿದೆರಡಕ್ಕಿಂತ ದೊಡ್ಡದು ಇದು. ಮಾಹಿತಿ ಯಾರದು?

ರಾಮಾಪುರದ ಕಡೆ ಒಬ್ಬ ಹಿರಿಯರು ಸಿಕ್ಕರು. ಹಸು ಮೇಯಿಸಿಕೊಂಡು ಬದುಕಿದವರು. ಆ ದಿನಗಳ ಬಗ್ಗೆ ಕೇಳಿದೆ. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು, "ಕಾಡೊಳಕ್ಕೆ ಹೋದ್ರ ಅವ್ನ್ ಕಡೆಯೋರು, ಪೊಲೀಸ್ಗ ಯೋಳ್ದಾ ಅನ್ನೋರು. ಊರಿಗ್ ಬಂದ್ರ ಪೊಲೀಸ್ನೋರು, ಅವ್ನ್ಗ ಅಕ್ಕಿ ಕೊಟ್ಟಾ ಅನ್ನೋರು. ನಾವ್ ಯಾರ್ಗ ಯೋಳವ ಕನಪ್ಪಾ?"

ನೋಡಿ, ಇದು ನಾಟಕದ ಮಾತಲ್ಲ. 1993ರಲ್ಲಿ ಟಾಡಾ ಕಾಯ್ದೆಯಡಿ ಇಲ್ಲಿನ ನೂರಾರು ಜನರನ್ನು ಹಿಡಿದರು. 2001ರಲ್ಲಿ ಮೈಸೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟಾಗ ಅಪರಾಧಿಗಳಾಗಿದ್ದು 14 ಜನ. ನೂರಕ್ಕೂ ಹೆಚ್ಚು ಜನ ಖುಲಾಸೆಯಾದರು. ಅವರಲ್ಲಿ ಹಲವರು ವರ್ಷಗಟ್ಟಲೆ ಜೈಲಿನಲ್ಲಿ ಕೊಳೆತವರು. ಕಾರ್ಯಪಡೆಗಳ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿ ಅಂದಿತು.

ಇನ್ನೊಂದು ಕಡೆಯ ನೋವನ್ನೂ ಮರೆಯಬಾರದು. ರಾಜ್‌ಕುಮಾರ್ ಬಿಡುಗಡೆಗಾಗಿ ಟಾಡಾ ಕೈದಿಗಳನ್ನು ಬಿಡಲು ಸರ್ಕಾರ ಹೊರಟಾಗ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದವರು ಶಕೀಲ್ ಅಹಮದ್ ಅವರ ತಂದೆ ಅಬ್ದುಲ್ ಕರೀಂ. ಕೋರ್ಟ್ ಅವರ ಪರ ನಿಂತಿತು. ಮಗನನ್ನು ಕಳೆದುಕೊಂಡ ಅಪ್ಪ ಕೇಳಿದ್ದು ಕಾನೂನು. ತಪ್ಪು ಮಾಡದೆ ಜೈಲಿಗೆ ಹೋದವರು ಕೇಳಿದ್ದೂ ಕಾನೂನೇ. ಇಬ್ಬರನ್ನೂ ಎದುರು ಬದುರು ನಿಲ್ಲಿಸಿ ಜಗಳ ಹಚ್ಚೋದು ನಮ್ಮಂಥ ಚಾನೆಲ್‌ಗಳಿಗೆ ಸುಲಭ. ಆದರೆ ಅದು ಅನ್ಯಾಯ.

ಹಾಗಾದರೆ ದಾರಿ ಇರಲಿಲ್ವಾ? ಇತ್ತು. ಅದನ್ನು ಮೊದಲು ತೋರಿಸಿದವರು ಅದೇ ಪಿ. ಶ್ರೀನಿವಾಸ್. ವೀರಪ್ಪನ್ ಹುಟ್ಟೂರು ಗೋಪಿನಾಥಂನಲ್ಲೇ ಇದ್ದುಕೊಂಡು ಜನರಿಗೆ ಔಷಧಿ ಕೊಡಿಸಿದರು, ಗುಡಿ ಕಟ್ಟಿಸಿದರು. ಶರಣಾಗುತ್ತೇನೆ ಅನ್ನೋ ಮಾತು ನಂಬಿ ಹೋದವರು ವಾಪಸ್ ಬರಲಿಲ್ಲ. ಅವರಿಗೆ ಕೀರ್ತಿಚಕ್ರ ಬಂತು. ಅವರ ಜೊತೆ ಅವರ ದಾರಿಯನ್ನೂ ನಾವು ಮಣ್ಣು ಮಾಡಿದೆವು ಅನ್ನೋದು ನನ್ನ ಬೇಸರ. ಕೊನೆಗೆ 2004ರ ಅಕ್ಟೋಬರ್ 18ರಂದು ಧರ್ಮಪುರಿ ಜಿಲ್ಲೆಯಲ್ಲಿ ವಿಜಯಕುಮಾರ್ ನೇತೃತ್ವದ ತಮಿಳುನಾಡು ಕಾರ್ಯಪಡೆ ವೀರಪ್ಪನ್‌ನನ್ನು ಮುಗಿಸಿದ್ದಾದರೂ ಹೇಗೆ? ಸಾವಿರಾರು ಜನ ಕಾಡು ಜಾಲಾಡಿದ್ದರಿಂದ ಅಲ್ಲ. ಅವನ ನಂಬಿಕೆಯ ವಲಯದೊಳಕ್ಕೆ ತಮ್ಮವರನ್ನು ಸೇರಿಸಿ, ಕಣ್ಣಿನ ಚಿಕಿತ್ಸೆ ನೆಪದಲ್ಲಿ ಕಾಡಿನಿಂದ ಹೊರಗೆ ಕರೆಸಿಕೊಂಡಿದ್ದರಿಂದ. ಅಂದರೆ ಮಾಹಿತಿಯಿಂದ.

ಇದೇ ಮಾತು ಕಾರ್ಗಿಲ್‌ಗೂ ಸಲ್ಲುತ್ತೆ. 1999ರ ಮೇನಲ್ಲಿ ನುಸುಳುಕೋರರನ್ನು ಮೊದಲು ಕಂಡಿದ್ದು ಉಪಗ್ರಹ ಅಲ್ಲ. ಕಳೆದುಹೋದ ಯಾಕ್ ಹುಡುಕುತ್ತಿದ್ದ ತಾಶಿ ನಮ್‌ಗ್ಯಾಲ್ ಅನ್ನೋ ಕುರಿಗಾಹಿ. ಕಂಡ ಕೂಡಲೇ ಆತ ಸೈನ್ಯಕ್ಕೆ ಬಂದು ಹೇಳಿದ. ಯಾಕೆ ಹೇಳಿದ? ಸೈನ್ಯ ತನ್ನದು ಅನ್ನಿಸಿತ್ತು, ಹೇಳಿದರೆ ತನಗೇ ಏಟು ಬೀಳುತ್ತೆ ಅನ್ನೋ ಭಯ ಇರಲಿಲ್ಲ. ತಾಶಿ ಮತ್ತು ರಾಮಾಪುರದ ನಮ್ಮ ಹಿರಿಯರು, ಇಬ್ಬರೂ ದನಕರು ಕಾಯೋರೇ. ಒಬ್ಬರು ಬಾಯಿ ಬಿಟ್ಟರು, ಒಬ್ಬರು ಬಾಯಿ ಕಟ್ಟಿಕೊಂಡರು. ಆ ವ್ಯತ್ಯಾಸವೇ ರಾಷ್ಟ್ರೀಯ ಭದ್ರತೆ.

ಕೇಂದ್ರ ಸರ್ಕಾರಕ್ಕೂ ಇದು ಅರ್ಥವಾಗಿದೆ ಅನ್ನೋಕೆ ಒಂದು ಗುರುತಿದೆ. 2023ರಲ್ಲಿ ಉತ್ತರದ ಗಡಿ ಹಳ್ಳಿಗಳಿಗಾಗಿ 4,800 ಕೋಟಿ ರೂಪಾಯಿಯ ವೈಬ್ರೆಂಟ್ ವಿಲೇಜಸ್ ಯೋಜನೆ ಬಂತು. ರಸ್ತೆ, ವಿದ್ಯುತ್, ಮೊಬೈಲ್ ಸಿಗ್ನಲ್ ಕೊಟ್ಟು ಜನ ಊರು ಬಿಡದ ಹಾಗೆ ನೋಡಿಕೊಳ್ಳೋದು. ಹಳ್ಳಿ ಖಾಲಿಯಾದರೆ ಗಡಿಗೆ ಕಣ್ಣೇ ಇಲ್ಲ. ಒಳ್ಳೆ ಯೋಚನೆ. ಆದರೆ ಒಂದು ಕೊರತೆ ಇವತ್ತಿಗೂ ಹಾಗೇ ಇದೆ. ನಮ್ಮ ಭದ್ರತೆಯ ಗುರಿ ಏನು, ಯಾವುದು ಮೊದಲು, ಯಾರು ಉತ್ತರದಾಯಿ ಅಂತ ಹೇಳುವ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರವನ್ನು ಭಾರತ ಈವರೆಗೆ ಪ್ರಕಟಿಸಿಲ್ಲ. 2018ರಲ್ಲಿ ರಕ್ಷಣಾ ಯೋಜನಾ ಸಮಿತಿಗೆ ಕರಡು ಮಾಡುವ ಕೆಲಸ ವಹಿಸಿದರು. ಪುಸ್ತಕ ಮಾತ್ರ ಹೊರಗೆ ಬಂದಿಲ್ಲ.

ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತೆ ಅನ್ನುವವರಿದ್ದಾರೆ. ಅವರ ಮಾತಲ್ಲೂ ಹುರುಳಿದೆ. ಯುದ್ಧದ ನಕ್ಷೆ ಗುಟ್ಟಾಗಿಯೇ ಇರಲಿ. ಆದರೆ ಮನೆ ಕಟ್ಟುವವನು ತಿಜೋರಿ ಎಲ್ಲಿದೆ ಅಂತ ಹೇಳಬೇಕಾಗಿಲ್ಲ, ಮನೆಗೆ ಎಷ್ಟು ಬಾಗಿಲು, ಯಾರು ಕಾವಲು ಅಂತ ಮನೆಯವರಿಗಾದರೂ ಗೊತ್ತಿರಬೇಕು. ಆ 6.81 ಲಕ್ಷ ಕೋಟಿ ಕೊಡುವವರು ನಾವೇ ಅಲ್ವಾ?

ಕೊಳ್ಳೇಗಾಲದ ಯಜಮಾನ್ರೇ, ಈ ಕಾರ್ಯಕ್ರಮ ನೋಡ್ತಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಗಡಿಗೂ ನಿಮಗೂ ಸಂಬಂಧ ಇದೆ. ಯೋಜನೆ ಇಲ್ಲದ ಭದ್ರತೆ ಅಂದರೆ ಏನು ಅಂತ ದೇಶದ ಬಹಳ ಜನಕ್ಕಿಂತ ನಿಮ್ಮ ಸೀಮೆಗೆ ಚೆನ್ನಾಗಿ ಗೊತ್ತು. ಅದರ ಬೆಲೆ ತೆತ್ತವರು ನೀವು. ಮುಂದಿನ ಸಲ ನಾನು ಪರದೆ ಮೇಲೆ ಬಾಣದ ಗುರುತು ಹಾಕಿಕೊಂಡು ಕೂಗಾಡೋದು ಕಂಡರೆ, ಈ ಮೂರು ಪ್ರಶ್ನೆ ನನಗೇ ಕೇಳಿ. ದುಡ್ಡು ಯಾರದು, ಹೊಣೆ ಯಾರದು, ಮಾಹಿತಿ ಕೊಡೋ ಮನುಷ್ಯನ ಗತಿ ಏನು?

ಅಂದಹಾಗೆ, ಅವತ್ತು ಟೀ ದುಡ್ಡು ಅವರು ತೆಗೆದುಕೊಳ್ಳಲಿಲ್ಲ. ಅದೊಂದು ಬಾಕಿ ಇದೆ. ಮತ್ತೆ ಸಿಗೋಣ, ನಮಸ್ಕಾರ.