ಗಿಲಾವು ಬೀಳುವ ಮುನ್ನ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯನ್ನು ಈ ವಿಷಯ ಎತ್ತಿಕೊಂಡವರೆಲ್ಲರೂ ಹೇಳುತ್ತಾರೆ, ನಾನೂ ಹೇಳಿಬಿಡುತ್ತೇನೆ. ಆದರೆ ಹೇಳುವವರು ಸಾಮಾನ್ಯವಾಗಿ ‘ಕಟ್ಟಿ’ ಎಂಬ ಪದದ ಮೇಲೆ ಒತ್ತು ಕೊಡುವುದುಂಟು. ಕನ್ನಡ ಪಾಠ ಹೇಳಿ ಬದುಕಿದ ನನ್ನ ಕಿವಿಗೆ ಅದರಲ್ಲಿ ಹೆಚ್ಚು ತೂಕದ ಪದ ‘ನೋಡು’ ಎಂಬುದೇ. ಮನೆಯ ಯಜಮಾನ ತಾನೇ ಮನೆ ಕಟ್ಟುವುದಿಲ್ಲ, ಗುತ್ತಿಗೆದಾರ ಕಟ್ಟುತ್ತಾನೆ. ಅವನೂ ಕಟ್ಟುವುದಿಲ್ಲ, ಅವನು ಕರೆತಂದ ಗೌಂಡಿ ಕಟ್ಟುತ್ತಾನೆ. ಯಜಮಾನನ ಪಾಲಿಗೆ ಉಳಿಯುವುದು ಹಣ ಕೊಡುವುದು ಮತ್ತು ನೋಡುವುದು, ಇವೆರಡೇ. ಮೊದಲನೆಯದನ್ನು ಎಲ್ಲರೂ ತಪ್ಪದೆ ಮಾಡುತ್ತಾರೆ.

ನಮ್ಮ ಕಲಬುರಗಿ ಜಿಲ್ಲೆ ಸಿಮೆಂಟಿಗೆ ಹೆಸರಾದುದು. ವಾಡಿ, ಸೇಡಂ, ಮಳಖೇಡಗಳ ಕಡೆಗೆ ಹೋದವರಿಗೆ ಕಾರ್ಖಾನೆಗಳ ಚಿಮಣಿಗಳು ದೂರದಿಂದಲೇ ಕಾಣುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡವನ್ನು ಇಂದಿನ ಹುಡುಗರು ಸಿಮೆಂಟಿನ ಚೀಲದ ಊರೆಂದೇ ಬಲ್ಲರು. ನೆಲಕ್ಕೆ ಹಾಸುವ ಪರಸಿಗೆ ಶಹಾಬಾದಿನ ಹೆಸರು ನಾಡಿನಾಚೆಗೂ ಸಲ್ಲುತ್ತದೆ. ಕಲ್ಲೂ ನಮ್ಮದು, ಸಿಮೆಂಟೂ ನಮ್ಮದು. ಆದರೂ ಕಲಬುರಗಿಯ ಹೊಸ ಬಡಾವಣೆಗಳಲ್ಲಿ ಸಂಜೆ ತಿರುಗಾಡಲು ಹೋದರೆ, ಗೃಹಪ್ರವೇಶದ ತೋರಣ ಒಣಗಿ ವರ್ಷ ಕಳೆಯುವುದರೊಳಗೆ ಬಾಗಿಲ ಮೂಲೆಯಿಂದ ಓರೆಯಾಗಿ ಮೇಲೇರಿದ ಬಿರುಕುಗಳು ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಕೇಳಿದರೆ, “ಎರಿ ಮಣ್ಣಿನ ಗುಣಾರಿ, ನಾವೇನ್ ಮಾಡೋಣ?” ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರ ಅರ್ಧ ನಿಜ. ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಿಗೆಯಲ್ಲಿ ಕುಗ್ಗಿ, ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಅದರ ಮೇಲೆ ಕುಳಿತ ಗೋಡೆ ವರ್ಷಕ್ಕೊಮ್ಮೆ ಏರಿ ಇಳಿಯಬೇಕಾಗುತ್ತದೆ. ಆದರೆ ಇದಕ್ಕೆ ಮದ್ದಿಲ್ಲದೆ ಇಲ್ಲ. ಋತುಮಾನದ ಹಸಿ-ಒಣಗು ತಟ್ಟದ ನೆಲೆಯವರೆಗೆ, ಸುಮಾರು 3.5 ಮೀಟರಿನ ಆಳಕ್ಕೆ, ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟಿನ ಕಂಬಗಳನ್ನು ಇಳಿಸಿ, ಅವುಗಳ ತಲೆಯನ್ನು ತೊಲೆಗಳಿಂದ ಬಿಗಿದು, ಆ ಮೇಲೆ ಗೋಡೆ ಎಬ್ಬಿಸುವ ಪದ್ಧತಿಯನ್ನು ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯು ರೂಪಿಸಿಕೊಟ್ಟು ಹಲವು ದಶಕಗಳೇ ಸಂದಿವೆ. ಎರೆಮಣ್ಣಿನ ಗುಣವನ್ನರಿಯದ ಗುತ್ತಿಗೆದಾರ ನಮ್ಮ ಭಾಗದಲ್ಲಿ ಇರಲಾರ. ಅರಿತೂ ಮೂರಡಿ ಅಗೆದು, ಕಲ್ಲು ತುಂಬಿ, ಮೇಲೆ ಮಣ್ಣೆಳೆದು ಮುಂದೆ ಸಾಗುವವರಿದ್ದಾರೆ. ಆಗ ತಪ್ಪು ಮಣ್ಣಿನದಲ್ಲ.

ಇವೆಲ್ಲವನ್ನೂ ನಾನು ಹತ್ತಿರದಿಂದ ಕಂಡದ್ದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿರುವ ಈ ಊರನ್ನು ಹೊರಗಿನವರು ಅದರ ಕೆಂಪು ಬಾಳೆಯ ಹಣ್ಣಿನಿಂದ ಬಲ್ಲರು. ಆ ಹಣ್ಣಿಗೆ ಭೌಗೋಳಿಕ ಸೂಚಿಯ ಮಾನ್ಯತೆಯೂ ದೊರೆತಿದೆ. ಈಗ ಅದು ತಾಲ್ಲೂಕು ಕೇಂದ್ರ. ಅಲ್ಲಿ ನನ್ನ ತಮ್ಮನಿದ್ದಾನೆ. ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾದವನು. ಹಿರಿಯರ ಕಾಲದ ಮಾಳಿಗೆಯ ಮನೆ ಸೋರತೊಡಗಿ, ತೊಲೆಗಳಿಗೆ ಗೆದ್ದಲು ಹಿಡಿದಾಗ, ನಿವೃತ್ತಿಯಲ್ಲಿ ಕೈಗೆ ಬಂದ ಹಣವನ್ನೆಲ್ಲ ಒಟ್ಟುಗೂಡಿಸಿ ಹೊಸ ಮನೆಗೆ ಕೈಹಾಕಿದ. ಒಬ್ಬ ಶಿಕ್ಷಕನ ಜೀವಮಾನದಲ್ಲಿ ಅಂಥ ಮೊತ್ತ ಒಮ್ಮೆ ಮಾತ್ರ ಕೈಸೇರುತ್ತದೆ. ಕಲಬುರಗಿಯ ಗುತ್ತಿಗೆದಾರರೊಬ್ಬರು ಕೆಲಸ ಒಪ್ಪಿಕೊಂಡರು. ಅವರ ಹೆಸರು ಇಲ್ಲಿ ಬೇಡ.

ಮೊದಲ ಮಾತುಕತೆಗೆ ತಮ್ಮ ನನ್ನನ್ನೂ ಕೂರಿಸಿಕೊಂಡ. ಗುತ್ತಿಗೆದಾರರ ಬಾಯಲ್ಲಿ ಇದ್ದುದು ಚದರಡಿಗೆ ಇಷ್ಟು ಎಂಬ ಒಂದೇ ಅಂಕಿ. ಆ ಅಂಕಿಯೊಳಗೆ ಯಾವ ಸಿಮೆಂಟು, ಎಷ್ಟು ದಪ್ಪದ ಸಲಾಕೆ, ಎಷ್ಟು ಆಳದ ಪಾಯ, ಉಸುಕು ನದಿಯದೋ ಯಂತ್ರದ್ದೋ, ನೀರುಣಿಸುವ ಖರ್ಚು ಯಾರದು, ಇದಾವುದೂ ಇರಲಿಲ್ಲ. ನಾನು ನಾಲ್ಕು ಪುಟದ ಒಪ್ಪಂದವೊಂದನ್ನು ಬರೆದೆ. ಹಣವನ್ನು ತಿಂಗಳ ಲೆಕ್ಕದಲ್ಲಿ ಕೊಡುವುದಲ್ಲ, ಕಣ್ಣಿಗೆ ಕಾಣುವ ಹಂತಗಳ ಲೆಕ್ಕದಲ್ಲಿ ಕೊಡುವುದು. ಪ್ರತಿ ಹಂತವನ್ನೂ ಮುಚ್ಚುವ ಮೊದಲು ತೋರಿಸುವುದು. ಕೊನೆಯ ನೂರಕ್ಕೆ 5 ಭಾಗವನ್ನು ಒಂದು ಮಳೆಗಾಲ ಕಳೆಯುವವರೆಗೆ ಹಿಡಿದಿಡುವುದು. ಕೂಲಿಯವರ ಬಟವಾಡೆ ನಿಂತರೆ ನಾವೇ ಕೊಟ್ಟು ಲೆಕ್ಕದಲ್ಲಿ ಕಳೆಯುವುದು, ಹೀಗೆ. ಅವರು ಓದಿ ನಕ್ಕರು. “ಸರ್, ನಂಬಿಕಿ ಮ್ಯಾಲ ಕೆಲಸ ಮಾಡೋರು ನಾವು. ಇಷ್ಟು ಕಾಗದ ಯಾಕ್ರಿ?” ಎಂದರು. “ನಂಬಿಕೆ ಇದ್ದುದಕ್ಕೇ ನಿಮ್ಮನ್ನು ಕರೆದದ್ದು. ಮರೆಯಬಾರದೆಂದು ಬರೆದದ್ದು,” ಎಂದೆ. ಸಹಿ ಮಾಡಿದರು.

ಕೆಲಸದ ಮೇಲೆ ಹೆಸರು ಬರೆಯುವುದು ನಮ್ಮಲ್ಲಿ ಅವಮಾನದ ಸಂಗತಿಯಾಗಿರಲಿಲ್ಲ. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನದಲ್ಲಿ ಅದನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರೂ ಅವನಿಗೆ ದೊರೆತ ತ್ರಿಭುವನಾಚಾರಿ ಎಂಬ ಬಿರುದೂ ಇವೆ. ದೂರವೇಕೆ, ಕಲಬುರಗಿಯ ಕೋಟೆಯೊಳಗಿನ, 1367ರ ಜಾಮಿ ಮಸೀದಿಯನ್ನು ಕಟ್ಟಿದವನು ಪರ್ಷಿಯಾದ ಕಜ್ವೀನಿನಿಂದ ಬಂದ ಮನೆತನದ ರಫಿ ಎಂಬ ಶಿಲ್ಪಿ ಎಂದು ಶಾಸನವೇ ಹೇಳುತ್ತದೆ. ಆರೂವರೆ ಶತಮಾನ ಕಳೆದರೂ ಅವನ ಹೆಸರನ್ನು ಹಿಡಿದು ಕೇಳಬಹುದು. ನಮ್ಮ ಬಡಾವಣೆಯ ಮನೆಯೊಂದರ ಗೌಂಡಿ ಯಾರೆಂದು ಆರು ತಿಂಗಳ ನಂತರ ಕೇಳಿದರೆ ಹೇಳುವವರಿಲ್ಲ.

ಪಾಯದ ಕೆಲಸ ಚೆನ್ನಾಗಿಯೇ ಆಯಿತು, ಅದನ್ನು ಹೇಳಲೇಬೇಕು. ತೊಂದರೆ ಕಂಬಗಳ ಹಂತದಲ್ಲಿ ಬಂತು. ಅದು ಮೇ ತಿಂಗಳು. ಬೆಳಿಗ್ಗೆ ಏಳು ಗಂಟೆಗೇ ತಮ್ಮನ ದೂರವಾಣಿ: “ಅಣ್ಣಾ, ಇವ್ರು ಕಂಬಕ್ಕ ಗಿಲಾವ್ ಬಳೀಲಿಕತ್ಯಾರ. ನೀ ಲಗೂನ ಬಾ.” ಬಸ್ಸು ಹಿಡಿದು ಹೋದೆ. ಹಲಗೆ ಬಿಚ್ಚಿದ ಕಂಬಗಳ ಪೈಕಿ ಎರಡರ ಬುಡದಲ್ಲಿ ಖಡಿ ಹಲ್ಲು ಕಿಸಿದಂತೆ ನಿಂತಿತ್ತು. ನಡುವೆ ಬೆರಳು ಹೋಗುವಷ್ಟು ಸಂದುಗಳು. ಒಂದೆಡೆ ಸಲಾಕೆಯೇ ಹೊರಗಿಣುಕುತ್ತಿತ್ತು. ಕಾಂಕ್ರೀಟನ್ನು ಸುರಿಯುವಾಗ ಸರಿಯಾಗಿ ಕುಟ್ಟದೆ, ಅದುರಿಸದೆ ಬಿಟ್ಟರೆ, ಅಥವಾ ಹಲಗೆಯ ಸಂದಿನಿಂದ ಸಿಮೆಂಟಿನ ಹಾಲು ಸೋರಿಹೋದರೆ ಹೀಗಾಗುತ್ತದೆ. ಆ ಜೇನುಗೂಡಿನಂಥ ಭಾಗ ಭಾರ ಹೊರಲಾರದು. ಗಾಳಿ-ನೀರು ಒಳಹೊಕ್ಕು ಸಲಾಕೆಗೆ ತುಕ್ಕು ಹಿಡಿಸುತ್ತವೆ, ತುಕ್ಕು ಹಿಡಿದ ಸಲಾಕೆ ಉಬ್ಬಿ ಕಾಂಕ್ರೀಟನ್ನು ಒಡೆಯುತ್ತದೆ. ಇಷ್ಟಾಗಲು ಕೆಲವು ವರ್ಷ ಬೇಕು. ಅಲ್ಲಿಯವರೆಗೆ ಕಂಬ ಅಂದವಾಗಿಯೇ ಇರುತ್ತದೆ.

ಗುತ್ತಿಗೆದಾರರು ಗಾಬರಿಗೊಳ್ಳಲಿಲ್ಲ. “ಗಿಲಾವ್ ಬಿದ್ದ ಮ್ಯಾಲ ಏನೂ ಕಾಣ್ಸಂಗಿಲ್ರಿ ಸರ್,” ಎಂದರು. ನನಗೆ ಧೈರ್ಯ ಹೇಳುವುದಕ್ಕೆ ಆಡಿದ ಮಾತದು, ಮೋಸದ ದನಿಯಲ್ಲಿ ಅಲ್ಲ. ‘ಕವಿರಾಜಮಾರ್ಗ’ದ ಮೊದಲ ಪರಿಚ್ಛೇದ ಕಾವ್ಯದ ದೋಷಾದೋಷಗಳನ್ನು ಕುರಿತದ್ದು, ಅದನ್ನು ವರ್ಷಗಟ್ಟಲೆ ತರಗತಿಯಲ್ಲಿ ಹೇಳಿದವನು ನಾನು. ಕಾವ್ಯದ ದೋಷ ಓದುಗನ ಕಿವಿಗೆ ಬೀಳದೆ ಇರದು. ಮನೆಯ ದೋಷವನ್ನು ಅರ್ಧ ಅಂಗುಲದ ಗಿಲಾವು ಮುಚ್ಚಿಬಿಡುತ್ತದೆ, ಅದರ ಮೇಲೆ ಬಣ್ಣವೂ ಬಂದರೆ ಪಂಡಿತನೂ ಮೆಚ್ಚುತ್ತಾನೆ.

ನಾನು ಜಗಳವಾಡಲಿಲ್ಲ. ಬಳಿದಿದ್ದ ಹಸಿ ಗಿಲಾವನ್ನು ಅಲ್ಲಿಯೇ ಕೆರೆಸಿ ಹಾಕಿಸಿದೆ. ತಮ್ಮನ ಮಗ ಕಂಬದ ಪಕ್ಕದಲ್ಲಿ ಅಂದಿನ ದಿನಪತ್ರಿಕೆಯನ್ನಿಟ್ಟು, ತಾರೀಖು ಕಾಣುವಂತೆ ಎಲ್ಲ ಮಗ್ಗುಲಿನಿಂದ ಚಿತ್ರ ತೆಗೆದ. ಒಪ್ಪಂದದ ಇಂಥ ಕಲಮಿನ ಪ್ರಕಾರ ಈ ಹಂತ ಪೂರ್ಣವಾಗಿಲ್ಲ, ಸರಿಪಡಿಸುವವರೆಗೆ ಕಂತು ಕೊಡಲಾಗದು ಎಂದು ಅಂಚೆಯಲ್ಲಿ ಪತ್ರ ಹೋಯಿತು. ಕಾಣದಂತೆ ಮುಚ್ಚಬಾರದೆಂಬ ಆ ಒಂದು ಸಾಲು ಇಲ್ಲದಿದ್ದರೆ ನಮ್ಮ ಪತ್ರಕ್ಕೆ ಮೂರು ಕಾಸಿನ ಬೆಲೆ ಇರುತ್ತಿರಲಿಲ್ಲ.

ಇನ್ನು, ಈ ಮಾತು ಸ್ವಲ್ಪ ಕಹಿ. ಹಣ ತಡೆದರೆ ಬಿಸಿ ಮೊದಲು ತಟ್ಟುವುದು ಗುತ್ತಿಗೆದಾರನಿಗಲ್ಲ. ಬಟವಾಡೆಯ ದಿನ ಬುಟ್ಟಿ ಹೊರುವ ಹೆಂಗಸರು ಐದಾರು ಮಂದಿ ತಮ್ಮನ ಬಾಗಿಲಲ್ಲಿ ಬಂದು ಕುಳಿತರು. “ಯಪ್ಪಾ, ನಿಮ್ಮ ನಿಮ್ಮ ಜಗಳದಾಗ ನಮ್ಮ ಕೂಲಿ ಯಾಕ ನಿಂತದ?” ಎಂದು ಹಿರಿಯಳೊಬ್ಬಳು ಕೇಳಿದಳು. ಸರಿಯಾದ ಪ್ರಶ್ನೆ. ಬಟವಾಡೆಯ ಕಲಮು ನೆರವಿಗೆ ಬಂತು. ಹೆಬ್ಬೆಟ್ಟು, ಸಹಿ ಪಡೆದು ಅವರ ಕೂಲಿ ಕೊಟ್ಟು ಲೆಕ್ಕದಲ್ಲಿ ಬರೆದೆವು. ಸುದ್ದಿ ತಲುಪಿದ ಮರುದಿನವೇ ಗುತ್ತಿಗೆದಾರರು ಬಂದರು. ಕಡಿಮೆ ದರಕ್ಕೆ ಒಪ್ಪಿ, ಒಂದರ ಹಣವನ್ನು ಇನ್ನೊಂದರಲ್ಲಿ ಹೂಡಿ, ಏಕಕಾಲಕ್ಕೆ ನಾಲ್ಕು ಕಡೆ ಕೆಲಸ ಹಿಡಿದವರು ಅವರು. ಒಂದು ಕಂತು ನಿಂತರೆ ನಾಲ್ಕೂ ಕಡೆ ಕೈ ಕಟ್ಟಿದಂತೆ. ತೀರ ಅಗ್ಗದ ದರಕ್ಕೆ ಕಟ್ಟಿಸಿಕೊಳ್ಳಲು ಹೊರಟ ನಮ್ಮಂಥವರ ಪಾಲೂ ಈ ವ್ಯವಸ್ಥೆಯಲ್ಲಿ ಇದೆಯೆಂದು ನನ್ನ ಎಣಿಕೆ.

ನಿವೃತ್ತ ಇಂಜಿನಿಯರ್ ಮಿತ್ರರೊಬ್ಬರು ಬಂದು ನೋಡಿದರು. ಅಡಿಯಲ್ಲಿ ಆನಿಕೆ ಕೊಟ್ಟು, ಕೊಳೆತ ಹಲ್ಲನ್ನು ಕೊರೆದಂತೆ ಆ ಭಾಗವನ್ನು ಗಟ್ಟಿ ಕಾಂಕ್ರೀಟು ಸಿಗುವವರೆಗೆ ಕಡಿದು, ತೊಳೆದು, ಕುಗ್ಗದ ಮಿಶ್ರಣದಿಂದ ತುಂಬಿಸಿದರು. ಆಮೇಲೆ ನೀರಿನ ಪ್ರಕರಣ. ಕಾಂಕ್ರೀಟು ಒಣಗಿ ಗಟ್ಟಿಯಾಗುವುದಿಲ್ಲ, ನೀರು ಕುಡಿದು ಗಟ್ಟಿಯಾಗುತ್ತದೆ. ನಮ್ಮ ದೇಶದ ಮಾನಕವಾದ ಐ.ಎಸ್. 456ರ ಪ್ರಕಾರ ಒಣಹವೆಯ ಬಿಸಿಲುನಾಡಿನಲ್ಲಿ ಕನಿಷ್ಠ 10 ದಿನ ಅದು ಹಸಿಯಾಗಿರಬೇಕು. ಕಲಬುರಗಿಯ ಮೇ ತಿಂಗಳಿನಲ್ಲಿ, ಕುಡಿಯುವ ನೀರಿಗೇ ಕೊಡ ಸಾಲು ಹಚ್ಚುವ ಕಾಲದಲ್ಲಿ, ಗುತ್ತಿಗೆದಾರ ಮೊದಲು ಉಳಿಸುವುದು ಈ ನೀರನ್ನೇ. ಸ್ಲ್ಯಾಬಿನ ಮೇಲೆ ಗೋಣಿತಟ್ಟು ಹಾಸಿ ಹದಿನಾಲ್ಕು ದಿನ ನೀರು ಬಿಟ್ಟದ್ದು ತಮ್ಮನ ಹೆಂಡತಿ. ನನ್ನ ನಾಲ್ಕು ಪುಟಗಳಿಗಿಂತ ಅವಳ ಆ ಹದಿನಾಲ್ಕು ದಿನ ಮನೆಗೆ ಹೆಚ್ಚು ಒದಗಿತು.

ಕಾನೂನಿನ ಮಾತನ್ನೂ ಕೇಳಿದವರಿದ್ದಾರೆ. ಮನೆ ಕಟ್ಟಿಕೊಡುವುದೂ ಗ್ರಾಹಕ ಕಾಯ್ದೆಯ ಅರ್ಥದಲ್ಲಿ ಒಂದು ಸೇವೆಯೇ ಎಂದು ಸರ್ವೋಚ್ಚ ನ್ಯಾಯಾಲಯವು ಲಖನೌ ಅಭಿವೃದ್ಧಿ ಪ್ರಾಧಿಕಾರದ ಪ್ರಕರಣದಲ್ಲಿ 1993ರಲ್ಲಿಯೇ ಹೇಳಿದೆ. 1986ರ ಕಾಯ್ದೆಯ ಬದಲಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು, ಕೊಟ್ಟ ಹಣ 50 ಲಕ್ಷ ಮೀರದಿದ್ದರೆ ಜಿಲ್ಲಾ ಆಯೋಗವೇ ಸಾಕು, ವಕೀಲರು ಬೇಕೇಬೇಕೆಂದಿಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ಹೋಗಬೇಕು, ಮತ್ತು ತಜ್ಞರ ವರದಿ ಇಲ್ಲದ ದೂರು ಕುಂಟುತ್ತದೆ. 2016ರ ರೇರಾ ಕಾಯ್ದೆಯು ಕಟ್ಟಡದ ರಚನೆಯಲ್ಲಿನ ದೋಷಕ್ಕೆ ಐದು ವರ್ಷ ಹೊಣೆ ಹೊರಿಸುವುದು ಫ್ಲಾಟು ಕಟ್ಟಿ ಮಾರುವ ಪ್ರವರ್ತಕರ ಮೇಲೆ. ಸ್ವಂತ ನಿವೇಶನದಲ್ಲಿ ಕಟ್ಟಿಸಿಕೊಳ್ಳುವವನಿಗೆ ಆ ಆಸರೆಯಿಲ್ಲ. ಎರೆಮಣ್ಣಿನ ಬಿರುಕೋ ಮೂರನೆಯ ಮಳೆಗಾಲಕ್ಕೆ ಬಂದರೂ ಬಂದೀತು. ಆದುದರಿಂದ ಆ ಐದು ವರ್ಷವನ್ನು ಒಪ್ಪಂದದಲ್ಲಿ ನಾವೇ ಬರೆಸಿಕೊಳ್ಳಬೇಕು.

ತಮ್ಮನ ಮನೆಯ ವಿಷಯ ಆಯೋಗದವರೆಗೆ ಹೋಗಲಿಲ್ಲ. ದೀಪಾವಳಿಯ ಹೊತ್ತಿಗೆ, ಮಳೆಗಾಲ ಕಳೆದ ಮೇಲೆ, ಹಿಡಿದಿಟ್ಟ ಹಣಕ್ಕಾಗಿ ಗುತ್ತಿಗೆದಾರರು ಬಂದರು. ಬಚ್ಚಲಮನೆಯ ಹಿಂದೆ ಒಂದು ಕಡೆ ಪಸೆ ಕಂಡಿತ್ತು. ಅದರ ರಿಪೇರಿಯ ಖರ್ಚನ್ನು ಕಳೆದು ಉಳಿದುದನ್ನು ತಮ್ಮ ಎಣಿಸಿ ಕೊಟ್ಟ. ಅವರು ತಕರಾರಿಲ್ಲದೆ ತೆಗೆದುಕೊಂಡು, ಚಹಾ ಕುಡಿದು, ಎದ್ದು ಚಪ್ಪಲಿ ಮೆಟ್ಟುವಾಗ ನನ್ನ ಕಡೆಗೆ ತಿರುಗಿದರು. “ಸರ್, ಆ ನಾಕು ಪುಟದ ಕಾಗದದ್ದು ಒಂದ್ ನಕಲ್ ಕೊಡ್ರಿ. ಸೆಂಟ್ರಿಂಗ್ ಮಾಡೋರು ನನಗ ಭಾಳ ಮೋಸ ಮಾಡ್ಲಿಕತ್ಯಾರ.”