ಒಡೆಯನ ಸಿಟ್ಟು ಯಾವ ಖಾತೆಗೆ?



2010ರ ಫೆಬ್ರವರಿ 21, ಭಾನುವಾರ. ಲಂಡನ್ನಿನ ‘ದಿ ಅಬ್ಸರ್ವರ್’ ಪತ್ರಿಕೆಯು ತನ್ನ ಅಂಕಣಕಾರ ಆಂಡ್ರ್ಯೂ ರಾನ್ಸ್‌ಲಿ ಅವರ ‘ದಿ ಎಂಡ್ ಆಫ್ ದಿ ಪಾರ್ಟಿ’ ಎಂಬ ಹೊಸ ಗ್ರಂಥದ ಆಯ್ದ ಭಾಗಗಳನ್ನು ಅಂದು ಪ್ರಕಟಿಸಿತು. ಬ್ರಿಟನ್ನಿನ ಅಂದಿನ ಪ್ರಧಾನಿ ಗಾರ್ಡನ್ ಬ್ರೌನ್ ಸಿಬ್ಬಂದಿಯ ಮೇಲೆ ಕೂಗಾಡುತ್ತಾರೆ, ಸಹಾಯಕನೊಬ್ಬನ ಕೋಟಿನ ಕಾಲರಿಗೆ ಕೈ ಹಾಕಿದ್ದಾರೆ, ಬೆರಳಚ್ಚು ನಿಧಾನವಾಯಿತೆಂದು ಕಾರ್ಯದರ್ಶಿಯೊಬ್ಬರನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕೀಲಿಮಣೆಯ ಮುಂದೆ ಕುಳಿತಿದ್ದಾರೆ, ಕಾರಿನಲ್ಲಿ ಮುಂದಿನ ಆಸನದ ಬೆನ್ನಿಗೆ ಗುದ್ದಿದ್ದಾರೆ ಎಂಬ ಆರೋಪಗಳು ಅದರಲ್ಲಿದ್ದವು. ಸಾರ್ವತ್ರಿಕ ಚುನಾವಣೆಗೆ ಮೂರು ತಿಂಗಳೂ ಉಳಿದಿರಲಿಲ್ಲ.

ಈ ಆರೋಪಗಳು ನಿಜವೇ ಸುಳ್ಳೇ ಎಂಬುದನ್ನು ಇಂದು ತೀರ್ಮಾನಿಸುವುದು ಯಾರಿಗೂ ಸಾಧ್ಯವಿಲ್ಲ. ಬ್ರೌನ್ ತಪ್ಪಿತಸ್ಥರೆಂದು ಯಾವ ತನಿಖೆಯೂ ಹೇಳಲಿಲ್ಲ; ನಿರ್ದೋಷಿಗಳೆಂದೂ ಹೇಳಲಿಲ್ಲ. ಏಕೆಂದರೆ ತನಿಖೆಯೇ ನಡೆಯಲಿಲ್ಲ. ಆದರೆ ಆ ಒಂದು ವಾರದಲ್ಲಿ ಆರೋಪವನ್ನು ಹೇಗೆ ನಿರ್ವಹಿಸಲಾಯಿತು ಎಂಬುದು ದಾಖಲೆಯಲ್ಲಿದೆ. ಅದನ್ನು ಲೆಕ್ಕಪರಿಶೋಧಕನ ಕಣ್ಣಿನಿಂದ, ಅಂದರೆ ಹೇಳಿದ ಮಾತಿಗಿಂತ ಹೇಳದೆ ಬಿಟ್ಟ ಮಾತಿನ ಮೇಲೆ ಬೆರಳಿಟ್ಟು ಓದುವುದು ಉಪಯುಕ್ತ.

ಪತ್ರಿಕೆ ಹೊರಬರುವ ಮುನ್ನವೇ ಪ್ರಧಾನಿಗಳು ದೂರದರ್ಶನ ಸಂದರ್ಶನವೊಂದರಲ್ಲಿ, ತಾವು ಜೀವಮಾನದಲ್ಲಿ ಯಾರ ಮೇಲೂ ಕೈ ಮಾಡಿಲ್ಲವೆಂದು ಒತ್ತಿ ಹೇಳಿದರು. ಸಿಟ್ಟು ಬಂದಾಗ ಪತ್ರಿಕೆಗಳನ್ನು ನೆಲಕ್ಕೆಸೆದದ್ದುಂಟು ಎಂದೂ ಒಪ್ಪಿಕೊಂಡರು. ಕೇಳಲು ಇದು ನೇರವಾದ ಉತ್ತರ. ಆದರೆ ಗ್ರಂಥದ ಮುಖ್ಯ ದೂರು ಹೊಡೆತದ್ದಲ್ಲ, ಭಯದ್ದು, ಅವಮಾನದ್ದು. ತಿಜೋರಿಯಲ್ಲಿ ಹಣ ಏಕೆ ಕಡಿಮೆಯಿದೆ ಎಂದು ಕೇಳಿದರೆ ‘ತಿಜೋರಿಯ ಬೀಗ ಒಡೆದಿಲ್ಲ’ ಎಂದು ಉತ್ತರಿಸುವ ಗುಮಾಸ್ತನನ್ನು ಮುಂಬಯಿಯ ಯಾವ ಪೇಢಿಯ ಮುನೀಮನೂ ಗುರುತಿಸಬಲ್ಲ. ಉತ್ತರ ಸತ್ಯವೇ. ಅದು ಬೇರೊಂದು ಪ್ರಶ್ನೆಯ ಉತ್ತರ, ಅಷ್ಟೆ.

ಎರಡನೆಯ ಹೇಳಿಕೆ ಇನ್ನೂ ನಾಜೂಕಾದದ್ದು. ಸಂಪುಟ ಕಾರ್ಯದರ್ಶಿ ಸರ್ ಗಸ್ ಓಡಾನಲ್ ಅವರು ಈ ವರ್ತನೆಯ ಕುರಿತು ಪ್ರಧಾನಿಗೆ ಮೌಖಿಕ ಎಚ್ಚರಿಕೆ ಕೊಟ್ಟಿದ್ದರೆಂದು ಗ್ರಂಥ ಹೇಳಿತ್ತು. ಸಂಪುಟ ಕಚೇರಿಯು ಇದನ್ನು ಸ್ಪಷ್ಟವಾಗಿ ನಿರಾಕರಿಸಿತು: ಅಂಥ ಆತಂಕವನ್ನು ಕಾರ್ಯದರ್ಶಿಗಳು ಪ್ರಧಾನಿಯ ಮುಂದೆ ಎತ್ತಿಯೇ ಇಲ್ಲ, ಎಚ್ಚರಿಕೆಯ ಮಾತಂತೂ ದೂರ. ಈ ನಿರಾಕರಣೆಯನ್ನು ಅನುಮಾನಿಸಬೇಕಾಗಿಲ್ಲ. ಆದರೆ ಬ್ಯಾಂಕಿನಿಂದ ನೋಟೀಸು ಬಂದಿಲ್ಲವೆಂಬುದಕ್ಕೂ ಸಾಲವೇ ಇಲ್ಲವೆಂಬುದಕ್ಕೂ ವ್ಯತ್ಯಾಸವುಂಟು. ಮೇಲಧಿಕಾರಿಯೊಬ್ಬರು ಏನು ಹೇಳಲಿಲ್ಲ ಎಂಬುದನ್ನು ಆ ಹೇಳಿಕೆ ತಿಳಿಸಿತು. ಕೆಳಗಿನ ನೌಕರರು ಏನನ್ನು ಅನುಭವಿಸಿದರು ಎಂಬ ಅಂಕಣ ಖಾಲಿಯಾಗಿಯೇ ಉಳಿಯಿತು.

ಆದರೂ ನಿರಾಕರಣೆಯೆಂಬುದು ಹಳೆಯ, ಒರಟಾದ ವಿದ್ಯೆ. ನಿಜವಾದ ನೈಪುಣ್ಯ ಕಂಡದ್ದು ಪೀಟರ್ ಮ್ಯಾಂಡೆಲ್ಸನ್ ಅವರಲ್ಲಿ. ರಾಜಕೀಯ ಬಣ್ಣಗಾರಿಕೆಗೆ ಬ್ರಿಟನ್ನಿನಲ್ಲಿ ಅವರ ಹೆಸರೇ ಪರ್ಯಾಯಪದವಾಗಿದ್ದ ಕಾಲವದು. ಅದೇ ಭಾನುವಾರ ಬಿಬಿಸಿಯಲ್ಲಿ ಅವರು ವಿವರಿಸಿದ ಬಗೆ ಹೀಗಿತ್ತು: ಬ್ರೌನ್ ದರ್ಪ ಮಾಡುವವರಲ್ಲ, ಹೆಚ್ಚು ನಿರೀಕ್ಷಿಸುವವರು, ಇತರರಿಂದ ಅಪೇಕ್ಷಿಸುವಷ್ಟನ್ನೇ ತಮ್ಮಿಂದಲೂ ಅಪೇಕ್ಷಿಸುವವರು, ‘ಆಗದು’ ಎಂಬ ಮಾತನ್ನು ಸಹಿಸದವರು, ಸ್ವಲ್ಪ ಅಸಹನೆಯುಳ್ಳವರು. ಇಲ್ಲಿ ಯಾವ ಘಟನೆಯನ್ನೂ ಅಲ್ಲಗಳೆಯಲಾಗಿಲ್ಲ ಎಂಬುದನ್ನು ಸಭಿಕರು ಗಮನಿಸಬೇಕು. ಮೊತ್ತ ಅಷ್ಟೇ ಇದೆ, ತಾರೀಖು ಅದೇ ಇದೆ. ಖಾತೆಯ ಶಿರೋನಾಮೆ ಮಾತ್ರ ಬದಲಾಗಿದೆ. ‘ದಬ್ಬಾಳಿಕೆ’ಯಲ್ಲಿ ಖರ್ಚು ಬಿದ್ದಿದ್ದದ್ದು ‘ಕರ್ತವ್ಯನಿಷ್ಠೆ’ಯಲ್ಲಿ ಬಂಡವಾಳವಾಗಿ ಜಮೆಯಾಯಿತು. ಲೆಕ್ಕಶಾಸ್ತ್ರದಲ್ಲಿ ವರ್ಷದ ಖರ್ಚನ್ನು ಆಸ್ತಿಯೆಂದು ತೋರಿಸುವ ಈ ಉಪಾಯ ಎಷ್ಟು ಪ್ರಾಚೀನವೋ ಅಷ್ಟೇ ಪರಿಣಾಮಕಾರಿ. ನಷ್ಟದ ಕಂಪನಿ ಒಂದೇ ರಾತ್ರಿಯಲ್ಲಿ ಲಾಭದ್ದಾಗಿ ಕಾಣುತ್ತದೆ.

ಈ ಮಾರ್ಪಾಟು ಕನ್ನಡಿಗರಿಗೆ ಹೊಸದೇನಲ್ಲ. ‘ಸಾಹೇಬರ ಬಾಯಿ ಕೆಟ್ಟದ್ದು, ಮನಸ್ಸು ಚಿನ್ನ’ ಎಂಬ ಮಾತು ಕೇಳದ ಕಚೇರಿ ದಾದರಿನಿಂದ ದಾವಣಗೆರೆಯವರೆಗೆ ಇರಲಾರದು. ಆ ಮಾತನ್ನು ಆಡುವವರು ಯಾರು? ಸಾಹೇಬರ ಸಿಟ್ಟಿಗೆ ಎಂದೂ ಗುರಿಯಾಗದವರು, ಇಲ್ಲವೇ ಗುರಿಯಾಗಿಯೂ ಅಲ್ಲಿಂದ ಬಿಟ್ಟುಹೋಗಲಾಗದವರು. ಆರ್ಟಿಕಲ್‌ಶಿಪ್ಪಿನಲ್ಲಿ ಬೈಗುಳ ತಿಂದ ಹುಡುಗ ಮುಂದೆ ಸ್ವಂತ ಕಚೇರಿ ತೆರೆದಾಗ ಅದನ್ನೇ ‘ತರಬೇತಿ’ ಎಂದು ಕರೆಯುವುದೂ ಇದೇ ವಂಶದ ಪ್ರವೃತ್ತಿ.

ಲಂಡನ್ನಿನ ಕಥೆಗೆ ಸೋಮವಾರದ ಹೊತ್ತಿಗೆ ಅನಿರೀಕ್ಷಿತ ತಿರುವು ಬಂದಿತ್ತು. ಕಚೇರಿಗಳಲ್ಲಿ ದಬ್ಬಾಳಿಕೆಗೆ ಒಳಗಾದವರಿಗಾಗಿ ಸಹಾಯವಾಣಿ ನಡೆಸುತ್ತಿದ್ದ ಒಂದು ದತ್ತಿ ಸಂಸ್ಥೆಯ ಸಂಸ್ಥಾಪಕಿಯು, ಪ್ರಧಾನಿ ಕಚೇರಿಯ ಕೆಲವು ನೌಕರರಿಂದಲೂ ತಮಗೆ ಕರೆಗಳು ಬಂದಿದ್ದವೆಂದು ಬಹಿರಂಗಪಡಿಸಿದರು. ಅವು ಪ್ರಧಾನಿಯ ವಿರುದ್ಧವೇ ಆದ ದೂರುಗಳೆಂದು ಅವರು ಹೇಳಲಿಲ್ಲ. ಆದರೆ ಗೋಪ್ಯತೆಯ ಭರವಸೆಯ ಮೇಲೆ ನಿಂತ ಸಂಸ್ಥೆ ಕರೆ ಮಾಡಿದವರ ಕಚೇರಿಯ ಗುರುತು ಬಿಟ್ಟುಕೊಟ್ಟದ್ದು ತಪ್ಪೇ. ಮನಶ್ಶಾಸ್ತ್ರಜ್ಞ ಕ್ಯಾರಿ ಕೂಪರ್, ಸಂಸದೆ ಆ್ಯನ್ ವಿಡಿಕೋಂಬ್ ಮೊದಲಾದ ಪೋಷಕರು ರಾಜೀನಾಮೆಯಿತ್ತು ಹೊರಬಂದರು. ಅವರು ಮಾಡಿದ್ದು ಸರಿ. ಆ ಬಳಿಕ ಪತ್ರಿಕೆಗಳು ಸಂಸ್ಥೆಯ ಲೆಕ್ಕಪತ್ರ ಗಡುವಿನೊಳಗೆ ಸಲ್ಲಿಕೆಯಾಗಿಲ್ಲವೆಂಬುದನ್ನೂ ಪತ್ತೆಹಚ್ಚಿದವು. ಇದರ ಹಿಂದೆ ವಿರೋಧಪಕ್ಷದ ಕೈಯಿದೆಯೇ ಎಂಬ ಸಂಶಯವನ್ನು ಆಡಳಿತ ಪಕ್ಷದವರು ತೇಲಿಬಿಟ್ಟರು. ದತ್ತಿ ಆಯೋಗಕ್ಕೆ ದೂರುಗಳು ಹೋದವು. ಕೊನೆಗೆ ಸಹಾಯವಾಣಿಯೇ ಸ್ಥಗಿತಗೊಂಡಿತು.

ದೋಷವಿದ್ದ ಸಂಸ್ಥೆಯ ದೋಷ ಹೊರಬಂದದ್ದರಲ್ಲಿ ಅನ್ಯಾಯವಿಲ್ಲ. ಚೋದ್ಯವಿರುವುದು ಫಲಿತಾಂಶದಲ್ಲಿ. ವಾರದ ಆರಂಭದಲ್ಲಿ ವಿಚಾರಣೆಗೆ ನಿಂತಿದ್ದದ್ದು ಒಂದು ದೇಶದ ಪ್ರಧಾನಿ ಕಚೇರಿ. ವಾರದ ಕೊನೆಗೆ ವಿಚಾರಣೆ ಮುಗಿದು ಬಾಗಿಲು ಮುಚ್ಚಿದ್ದು ಒಂದು ಪುಟ್ಟ ದತ್ತಿ ಸಂಸ್ಥೆ. ಕನ್ಸರ್ವೇಟಿವ್ ಮತ್ತು ಲಿಬರಲ್ ಡೆಮಾಕ್ರಾಟ್ ನಾಯಕರು ತನಿಖೆ ಬೇಕೆಂದರು. ಅವರ ಸ್ವಾರ್ಥ ಸ್ಪಷ್ಟವಿದ್ದುದರಿಂದಲೇ ಬೇಡಿಕೆಯ ತೂಕವೂ ಇಳಿಯಿತು. ಮುಂದಿನ ಭಾನುವಾರ ಪ್ರಕಟವಾದ ಯೂಗವ್ ಸಮೀಕ್ಷೆಯಲ್ಲಿ ಕನ್ಸರ್ವೇಟಿವ್ ಪಕ್ಷದ ಮುನ್ನಡೆ ಶೇಕಡಾ 2ಕ್ಕೆ ಕುಗ್ಗಿತ್ತು. ಪ್ರಕರಣದಿಂದಲೇ ಹಾಗಾಯಿತೆನ್ನಲು ಬಾರದು. ಆದರೆ ಪ್ರಕರಣದಿಂದ ಬ್ರೌನ್ ಅವರಿಗೆ ದೊಡ್ಡ ಹಾನಿಯಾಗಲಿಲ್ಲವೆನ್ನಲು ಅಡ್ಡಿಯಿಲ್ಲ.

ಹಾನಿ ಆದದ್ದು ಏಪ್ರಿಲ್ 28ರಂದು, ರಾಚ್‌ಡೇಲ್ ಪಟ್ಟಣದಲ್ಲಿ. ವೃದ್ಧ ಮತದಾರಳೊಬ್ಬಳೊಂದಿಗೆ ನಗುನಗುತ್ತ ಮಾತಾಡಿ ಕಾರು ಹತ್ತಿದ ಪ್ರಧಾನಿಗಳು, ಅಂಗಿಗೆ ಸಿಕ್ಕಿಸಿದ್ದ ಮೈಕು ಇನ್ನೂ ಜೀವಂತವಾಗಿದೆಯೆಂಬುದನ್ನು ಮರೆತು, ಆಕೆಯನ್ನು ಸಂಕುಚಿತ ಬುದ್ಧಿಯವಳೆಂದು ಜರೆದರು. ಜಗತ್ತು ನೆನಪಿಟ್ಟುಕೊಂಡದ್ದು ಆ ಮಾತನ್ನು. ಆದರೆ ಅದಕ್ಕೂ ಮುಂಚೆ ಅವರ ಬಾಯಿಂದ ಹೊರಟ ಪ್ರಶ್ನೆ, ಈ ಭೇಟಿ ಯಾರ ಯೋಚನೆ ಎಂಬುದು. ಅದರ ಬೆನ್ನಿಗೇ ಒಬ್ಬ ಸಹಾಯಕಿಯ ಹೆಸರು. ಮುಚ್ಚಿದ ಕಾರಿನ ಆ ಕೆಲವು ಕ್ಷಣಗಳಿಗೆ ಯಾವ ವಕ್ತಾರನೂ ಶಿರೋನಾಮೆ ಬರೆದಿರಲಿಲ್ಲ.

ಹತ್ತು ವರ್ಷಗಳ ಬಳಿಕ ಇದೇ ಪ್ರಶ್ನೆ ಇನ್ನೊಂದು ಪಕ್ಷದ ಬಾಗಿಲಿಗೆ ಬಂತು. ಈ ಬಾರಿ ನಿಯಮ ಬರಹದಲ್ಲಿತ್ತು: 2018ರ ಜನವರಿಯಲ್ಲಿ ಪರಿಷ್ಕೃತವಾದ ಮಂತ್ರಿಗಳ ನಡವಳಿಕೆ ಸಂಹಿತೆಯು, ದಬ್ಬಾಳಿಕೆ ಎಲ್ಲಿ ನಡೆದರೂ ಸಂಹಿತೆಗೆ ವಿರುದ್ಧ, ಅದನ್ನು ಸಹಿಸಲಾಗದು ಎಂದು ಸಾರಿತ್ತು. 2020ರ ಫೆಬ್ರವರಿ 29ರಂದು ಗೃಹ ಇಲಾಖೆಯ ಅತ್ಯುನ್ನತ ಅಧಿಕಾರಿ ಸರ್ ಫಿಲಿಪ್ ರಟ್ನಮ್ ರಾಜೀನಾಮೆಯಿತ್ತು, ಗೃಹ ಸಚಿವೆ ಪ್ರೀತಿ ಪಟೇಲ್ ಅವರ ವರ್ತನೆಯ ಬಗ್ಗೆ ಬಹಿರಂಗವಾಗಿ ದೂರಿದರು. ಸಚಿವೆ ಆರೋಪಗಳನ್ನು ನಿರಾಕರಿಸಿದರು. ಪ್ರಧಾನಿಯ ಸ್ವತಂತ್ರ ಸಲಹೆಗಾರ ಸರ್ ಅಲೆಕ್ಸ್ ಆ್ಯಲನ್ ಅವರ ನಿರ್ಣಯ ನವೆಂಬರ್ 20ರಂದು ಹೊರಬಂತು. ಸಚಿವೆಯ ವರ್ತನೆಯು ದಬ್ಬಾಳಿಕೆಯೆನ್ನಬಹುದಾದ ಮಟ್ಟಕ್ಕೆ ಹೋಗಿತ್ತು, ಉದ್ದೇಶಪೂರ್ವಕವಲ್ಲದಿದ್ದರೂ ಸಂಹಿತೆಯ ಉಲ್ಲಂಘನೆಯಾಗಿತ್ತು ಎಂದು ಅದು ಹೇಳಿತು. ಇಲಾಖೆಯ ಅಧಿಕಾರಿಗಳೂ ಆಕೆಗೆ ಸಾಕಷ್ಟು ಬೆಂಬಲ ಕೊಡಲಿಲ್ಲ, ವರ್ತನೆಯ ಪರಿಣಾಮವನ್ನು ತಿಳಿಸಲಿಲ್ಲ ಎಂಬ ಮಾತೂ ಅದರಲ್ಲಿತ್ತು. ಪ್ರಧಾನಿ ಬೋರಿಸ್ ಜಾನ್ಸನ್ ಉಲ್ಲಂಘನೆಯಾಗಿಲ್ಲವೆಂದು ತೀರ್ಪಿತ್ತು ಸಚಿವೆಯಲ್ಲಿ ಪೂರ್ಣ ವಿಶ್ವಾಸ ವ್ಯಕ್ತಪಡಿಸಿದರು. ರಾಜೀನಾಮೆ ಕೊಟ್ಟವರು ಆರೋಪಕ್ಕೆ ಒಳಗಾದವರಲ್ಲ, ವರದಿ ಬರೆದ ಆ್ಯಲನ್.

ಲೆಕ್ಕಪರಿಶೋಧನೆಯ ವೃತ್ತಿಯಲ್ಲಿರುವವರಿಗೆ ಈ ದೃಶ್ಯ ವಿಶೇಷವಾಗಿ ಅರ್ಥವಾಗುತ್ತದೆ. ಪರಿಶೋಧಕನು ಪ್ರತಿಕೂಲ ಅಭಿಪ್ರಾಯ ಕೊಟ್ಟಾಗ ಆಡಳಿತ ಮಂಡಳಿಯು ಲೆಕ್ಕವನ್ನು ತಿದ್ದದೆ ಪರಿಶೋಧಕನನ್ನು ಬದಲಿಸಿದಂತೆ. ಅಂದಿನ ಕ್ಷಮಾಯಾಚನೆಯ ವಾಕ್ಯವೂ ಪರಿಶೀಲನಾರ್ಹ: ತಮ್ಮ ವರ್ತನೆಯಿಂದ ಜನರಿಗೆ ನೋವಾಗಿದ್ದರ ಬಗ್ಗೆ ಸಚಿವೆ ವಿಷಾದಿಸಿದರು, ಯಾರನ್ನೂ ನೋಯಿಸುವ ಉದ್ದೇಶ ತಮಗಿರಲಿಲ್ಲವೆಂದರು. ಹೊಣೆ ಹೀಗೆ ಉದ್ದೇಶದ ಕಡೆಗೆ ಸರಿಯಿತು. ಉದ್ದೇಶವನ್ನು ಅಳೆಯುವ ತಕ್ಕಡಿ ಯಾರಲ್ಲೂ ಇಲ್ಲವಾದ್ದರಿಂದ ಅಲ್ಲೇ ನಿಂತಿತು. 2021ರ ಡಿಸೆಂಬರ್‌ನಲ್ಲಿ ಹೈಕೋರ್ಟು, ಮಾಡಿದವರಿಗೆ ಅರಿವಿಲ್ಲದಿದ್ದರೂ ವರ್ತನೆ ದಬ್ಬಾಳಿಕೆಯಾಗಬಹುದೆಂದು ಸ್ಪಷ್ಟಪಡಿಸಿತು. ಆದರೂ ಜಾನ್ಸನ್ ಕಾನೂನನ್ನು ತಪ್ಪಾಗಿ ಗ್ರಹಿಸಿದ್ದರೆಂದು ಒಪ್ಪದೆ, ಅಧಿಕಾರಿಗಳ ಸಂಘದ ಅರ್ಜಿಯನ್ನು ವಜಾಗೊಳಿಸಿತು.

ಅಷ್ಟರೊಳಗೆ ರಟ್ನಮ್ ಅವರ ದಾವೆ ರಾಜಿಯಲ್ಲಿ ಮುಗಿದಿತ್ತು. ಸರಕಾರ ಹೊಣೆ ಒಪ್ಪಿಕೊಳ್ಳಲಿಲ್ಲ. ಆದರೆ 3,40,000 ಪೌಂಡುಗಳನ್ನೂ ಅದರ ಮೇಲೆ ಕಾನೂನು ವೆಚ್ಚವನ್ನೂ ಪಾವತಿಸಿತು. ಭಾಷಣದಲ್ಲಿ ಕಾಣದ ಬಾಬತ್ತು ಕಡೆಗೆ ತೆರಿಗೆದಾರನ ಖರ್ಚಿನಲ್ಲಿ ಕಂಡಿತು. ವಕ್ತಾರರ ಹೇಳಿಕೆಗಳನ್ನು ಬದಿಗಿಟ್ಟು ಇಂಥ ಪಾವತಿಗಳನ್ನು ಹುಡುಕಿ ಓದುವ ಅಭ್ಯಾಸ ಪತ್ರಕರ್ತರಲ್ಲಿ ಇನ್ನಷ್ಟು ಬೆಳೆಯಬೇಕಾಗಿದೆ.

ಮೂರನೆಯ ಪ್ರಕರಣವನ್ನು ಸಂಕ್ಷೇಪಿಸಬಹುದು. ಉಪಪ್ರಧಾನಿ ಡಾಮಿನಿಕ್ ರಾಬ್ ಅವರ ವಿರುದ್ಧದ ಎಂಟು ದೂರುಗಳನ್ನು ನ್ಯಾಯವಾದಿ ಆ್ಯಡಮ್ ಟಾಲಿ ತನಿಖೆ ಮಾಡಿದರು. ನಡುವೆ ಪತ್ರಿಕೆಯೊಂದರಲ್ಲಿ ಅವರು ಸಲಾಡಿನ ಟೊಮ್ಯಾಟೊ ಎಸೆದರೆಂಬ ಸುದ್ದಿ ಬಂದು, ಅವರ ಕಡೆಯವರು ಅದನ್ನು ಅಲ್ಲಗಳೆದು, ಕೆಲಕಾಲ ಇಡೀ ಚರ್ಚೆಯೇ ಟೊಮ್ಯಾಟೊ ಹಾರಿತೋ ಇಲ್ಲವೋ ಎಂಬಲ್ಲಿಗೆ ಇಳಿದಿತ್ತು. (ನಗೆ ಹುಟ್ಟಿದಲ್ಲಿ ದೂರುದಾರನ ಸ್ಥಾನ ಎಲ್ಲಿ ಎಂಬುದನ್ನು ಊಹಿಸುವುದು ಕಷ್ಟವಲ್ಲ.) 2023ರ ಏಪ್ರಿಲ್‌ನಲ್ಲಿ ಬಂದ ವರದಿಯು ಕೂಗಾಟ, ಬೈಗುಳಗಳನ್ನು ಎತ್ತಿಹಿಡಿಯಲಿಲ್ಲ. ಆದರೆ ವಿದೇಶಾಂಗ ಮತ್ತು ನ್ಯಾಯ ಇಲಾಖೆಗಳಲ್ಲಿ ಅವರ ವರ್ತನೆ ಬೆದರಿಸುವಂಥದ್ದಾಗಿತ್ತೆಂದು ಹೇಳಿತು. ರಾಬ್ ರಾಜೀನಾಮೆಯಿತ್ತರು, ಕೊಟ್ಟ ಮಾತನ್ನು ಉಳಿಸಿಕೊಂಡರು ಎಂಬ ಗೌರವ ಅವರಿಗೆ ಸಲ್ಲಬೇಕು. ಆದರೆ ಪತ್ರದಲ್ಲಿ, ಎರಡನ್ನು ಬಿಟ್ಟು ಉಳಿದೆಲ್ಲ ಬಿದ್ದುಹೋದವೆಂದೂ, ದಬ್ಬಾಳಿಕೆಯ ಮಿತಿಯನ್ನು ಇಷ್ಟು ಕೆಳಗಿಟ್ಟದ್ದು ಅಪಾಯಕಾರಿ ಪೂರ್ವನಿದರ್ಶನವೆಂದೂ ಬರೆದರು.

ಈ ವಾದವನ್ನು ಹಗುರವಾಗಿ ತಳ್ಳಿಹಾಕಲಾಗದು. ಮಂತ್ರಿಯಾದವನು ಕಠಿಣ ಪ್ರಶ್ನೆ ಕೇಳಬೇಕು; ಕಡತ ಕೆಟ್ಟದ್ದಾಗಿದ್ದರೆ ಹಿಂದಿರುಗಿಸಬೇಕು; ಅಧಿಕಾರಿಗಳು ಜಾಣತನದಿಂದ ಕಾಲಹರಣ ಮಾಡುವುದೂ ಸುಳ್ಳಲ್ಲ. ಆದರೆ ಟಾಲಿ ಹಿಡಿದ ಗೆರೆ ಅಷ್ಟೇನೂ ಸೂಕ್ಷ್ಮವಲ್ಲ: ಕೆಲಸವನ್ನು ಟೀಕಿಸುವುದು ಬೇರೆ, ಕೆಲಸ ಮಾಡಿದವನನ್ನು ಸಭೆಯಲ್ಲಿ ಕುಗ್ಗಿಸುವುದು ಬೇರೆ.

ಭಾರತದಲ್ಲಿ 2013ರ ಕಾಯಿದೆ ಕೆಲಸದ ಸ್ಥಳದ ಲೈಂಗಿಕ ಕಿರುಕುಳಕ್ಕೆ ಸಂಬಂಧಿಸಿದ್ದು. ದರ್ಪ, ಬೈಗುಳ, ಅವಮಾನಗಳಿಗೆ ಅದು ಅನ್ವಯಿಸದು. ಕೇಂದ್ರ ಮತ್ತು ರಾಜ್ಯಗಳ ಮಂತ್ರಿಗಳಿಗಿರುವ ನಡವಳಿಕೆ ಸಂಹಿತೆ ಮುಖ್ಯವಾಗಿ ಆಸ್ತಿ, ವ್ಯಾಪಾರ ಸಂಬಂಧ, ಉಡುಗೊರೆಗಳ ಮೇಲೆ ಕಣ್ಣಿಟ್ಟದ್ದು. ಹಾಗಾಗಿ ಇಲ್ಲಿ ಮಂತ್ರಿಯೊಬ್ಬ ತಹಶೀಲ್ದಾರನನ್ನು ಜನರ ಮುಂದೆ ಗದರಿಸುವ ದೃಶ್ಯಕ್ಕೆ ವಕ್ತಾರನ ಅಗತ್ಯವೇ ಬೀಳುವುದಿಲ್ಲ. ಅದನ್ನು ಮಂತ್ರಿಯ ಕಡೆಯವರೇ ಚಿತ್ರೀಕರಿಸಿ, ‘ಅಧಿಕಾರಿಗೆ ತರಾಟೆ’ ಎಂಬ ತಲೆಬರಹ ಕೊಟ್ಟು ಹಂಚುತ್ತಾರೆ. ಬ್ರಿಟನ್ನಿನಲ್ಲಿ ಬಣ್ಣ ಹಚ್ಚಿ ಮರೆಸಬೇಕಾದದ್ದು ಇಲ್ಲಿ ಮೆರವಣಿಗೆಯ ಸಾಮಗ್ರಿ. ನೋಡುವವರು ಚಪ್ಪಾಳೆ ತಟ್ಟುವುದಕ್ಕೂ ಕಾರಣವಿದೆ: ಅದೇ ಕಚೇರಿಯ ಕಿಟಕಿಯಲ್ಲಿ ಅವರು ವರ್ಷಗಟ್ಟಲೆ ಕಾದಿರುತ್ತಾರೆ. ಆದರೆ ಗದರಿಕೆಯ ಮರುದಿನ ಆ ಕಿಟಕಿಯ ಸಾಲು ಚಿಕ್ಕದಾಯಿತೇ ಎಂದು ಯಾವ ಕ್ಯಾಮೆರಾವೂ ಹಿಂದಿರುಗಿ ನೋಡುವುದಿಲ್ಲ.

ಲಂಡನ್ನಿನಲ್ಲಿ 2024ರ ನವೆಂಬರ್‌ನ ಪರಿಷ್ಕೃತ ಸಂಹಿತೆಯು, ಪ್ರಧಾನಿಯ ಅನುಮತಿಗೆ ಕಾಯದೆ ತನಿಖೆ ಆರಂಭಿಸುವ ಅಧಿಕಾರವನ್ನು ಸ್ವತಂತ್ರ ಸಲಹೆಗಾರರಿಗೆ ಕೊಟ್ಟಿದೆ. 2020ರಲ್ಲಿ ಆ್ಯಲನ್ ಅವರಿಗೆ ಇಲ್ಲದಿದ್ದ ಬಲವದು. ಆದರೆ ವರದಿ ಬಂದ ಮೇಲೆ ಮಂತ್ರಿ ಉಳಿಯಬೇಕೇ ಹೋಗಬೇಕೇ ಎಂಬ ಕಡೆಯ ತೀರ್ಮಾನ ಈಗಲೂ ಪ್ರಧಾನಿಯದೇ. ಆರೋಪ ಪ್ರಧಾನಿಯ ಮೇಲೆಯೇ ಬಂದರೆ, 2010ರ ಆ ಭಾನುವಾರದಂತೆ, ಆ ಸಾಲಿನಲ್ಲಿ ಸಹಿ ಹಾಕಬೇಕಾದವರು ಯಾರು ಎಂಬುದಕ್ಕೆ ಸಂಹಿತೆಯಲ್ಲಿ ಉತ್ತರವಿಲ್ಲ.