ಬಾಲಶಿಕ್ಷಣದಲ್ಲಿ ನಿರ್ಭಯತೆ: ಗಿಜುಭಾಯಿ ಬಧೇಕಾ



ಬೆತ್ತವಿಲ್ಲದೆ ವಿದ್ಯೆಯಿಲ್ಲವೆಂಬ ನಂಬುಗೆಯು ನಮ್ಮ ದೇಶದಲ್ಲಿ ಬಹುಕಾಲದಿಂದ ಬೇರೂರಿದ್ದಿತು. ಅದನ್ನು ಬರಿಯ ವಾದದಿಂದಲ್ಲದೆ, ಶಾಲೆಯೊಂದನ್ನು ನಡೆಯಿಸಿ ಅಲ್ಲಗಳೆದವರಲ್ಲಿ ಗುಜರಾತಿನ ಗಿಜುಭಾಯಿ ಬಧೇಕಾ ಅವರು ಅಗ್ರಗಣ್ಯರು.

1885ರಲ್ಲಿ ಸೌರಾಷ್ಟ್ರದಲ್ಲಿ ಜನಿಸಿದ ಇವರು ವೃತ್ತಿಯಿಂದ ವಕೀಲರು. ಜೀವನೋಪಾಯಕ್ಕಾಗಿ ಕೆಲಕಾಲ ಪೂರ್ವ ಆಫ್ರಿಕದಲ್ಲಿಯೂ ಇದ್ದವರು. 1913ರಲ್ಲಿ ಮಗನು ಹುಟ್ಟಲು, ಆತನಿಗೆ ಎಂತಹ ಶಿಕ್ಷಣವು ತಕ್ಕುದೆಂಬ ಚಿಂತೆಯು ಇವರನ್ನು ಇಟಲಿಯ ವಿದುಷಿ ಮಾಂಟೆಸೊರಿಯವರ ಗ್ರಂಥಗಳೆಡೆಗೆ ಒಯ್ದಿತು. 1916ರಲ್ಲಿ ವಕೀಲಿಯನ್ನು ತೊರೆದು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದರು; 1920ರಲ್ಲಿ ಅಲ್ಲಿಯೇ ಬಾಲಮಂದಿರವನ್ನು ತೆರೆದರು.

ಶಿಶುವು ದಂಡನೆಗೆ ಅಂಜಿಯಾಗಲಿ ಬಹುಮಾನಕ್ಕೆ ಆಶಿಸಿಯಾಗಲಿ ಕಲಿಯಲಾಗದು, ಕಲಿಕೆಯ ಆನಂದದಿಂದಲೇ ಕಲಿಯಬೇಕೆಂಬುದು ಇವರ ಮತ. ಕಥೆ, ಹಾಡು, ಆಟ, ಕೈಗೆಲಸಗಳೇ ಇವರಿಗೆ ಪಾಠದ ಬಾಗಿಲುಗಳು. ಇವರ ‘ದಿವಾಸ್ವಪ್ನ’ವೆಂಬ ಕೃತಿಯಲ್ಲಿ, ನಾಲ್ಕನೆಯ ತರಗತಿಗೆ ಹೊಸತಾಗಿ ಬಂದ ಉಪಾಧ್ಯಾಯನು ಮೊದಲ ದಿನವೇ ಮೌನದ ಆಟವನ್ನು ಆಡಿಸಹೋಗಿ ಸೋಲುತ್ತಾನೆ, ಮಕ್ಕಳು ಗದ್ದಲವೆಬ್ಬಿಸುತ್ತಾರೆ. ಆತನು ಬೆತ್ತವನ್ನು ಹುಡುಕುವುದಿಲ್ಲ. ತನ್ನ ಕ್ರಮವನ್ನೇ ತಿದ್ದಿಕೊಂಡು ಕಥೆಯನ್ನು ಆರಂಭಿಸುತ್ತಾನೆ. ಗದ್ದಲವು ತಾನೇ ಅಡಗುತ್ತದೆ. ಮೊದಲು ಬದಲಾಗಬೇಕಾದವನು ಶಿಷ್ಯನಲ್ಲ, ಗುರುವೆಂಬುದೇ ಇದರ ಹುರುಳು.

ಜನರು ಇವರನ್ನು ‘ಮೀಸೆಯ ತಾಯಿ’ಯೆಂದು ಅಕ್ಕರೆಯಿಂದ ಕರೆದರು. 1939ರಲ್ಲಿ ಇವರು ದಿವಂಗತರಾದರು.

ಮಹನೀಯರೇ, ತರಗತಿಯು ನಿಶ್ಶಬ್ದವಾಗಿದ್ದ ಮಾತ್ರಕ್ಕೆ ಅಲ್ಲಿ ವಿದ್ಯೆಯು ನೆಲಸಿತೆನ್ನಲಾಗದು. ಆ ಮೌನವು ಶ್ರದ್ಧೆಯದೋ ಅಂಜಿಕೆಯದೋ ಎಂಬುದನ್ನು ಅರಿಯುವುದೇ ಉಪಾಧ್ಯಾಯರ ಮೊದಲನೆಯ ಧರ್ಮವು.